ಸಂತೆಗೆ ಬಾರದ ನಾಣ್ಯ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಪುಟ್ಟ ದೇಶ. ಕರ್ನಾಟಕವನ್ನು ಒಂಬತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ನೆಲ, ಅರವತ್ತು ಲಕ್ಷದ ಮೇಲೆ ಜನ. ಸ್ವಂತ ನಾಣ್ಯವಾಗಿದ್ದ ಕೊಲೊನ್ ಅನ್ನು ಬದಿಗಿಟ್ಟು 2001ರಿಂದ ಅಮೆರಿಕದ ಡಾಲರಿನಲ್ಲೇ ಸಂಸಾರ ನಡೆಸುತ್ತಿರುವ ದೇಶ ಅದು. 2021ರ ಸೆಪ್ಟೆಂಬರ್ 7ರಂದು ಅಲ್ಲಿನ ಸರ್ಕಾರ ಡಾಲರಿನ ಪಕ್ಕದಲ್ಲಿ ಬಿಟ್‌ಕಾಯಿನ್ನನ್ನೂ ಕೂರಿಸಿತು. ಗಿರಾಕಿ ಬಿಟ್‌ಕಾಯಿನ್ ಕೊಟ್ಟರೆ ವ್ಯಾಪಾರಿ ಬೇಡ ಎನ್ನುವಂತಿಲ್ಲ ಎಂದು ಕಾನೂನು ಬಂತು. ಅದಕ್ಕೆ ಬೇಕಾದ ತಾಂತ್ರಿಕ ಸೌಕರ್ಯ ಇಲ್ಲದವರಿಗಷ್ಟೇ ವಿನಾಯಿತಿ. ‘ಚಿವೊ’ ಎಂಬ ಸರ್ಕಾರಿ ಆ್ಯಪ್ ಬಂತು. ಅದನ್ನು ಫೋನಿಗೆ ಇಳಿಸಿಕೊಂಡು ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಉಚಿತ. ಬಿಟ್‌ಕಾಯಿನ್ ಕೊಟ್ಟು ನಗದು ಪಡೆಯಲು ಊರೂರಲ್ಲಿ ಯಂತ್ರಗಳು ನಿಂತವು. ಇಷ್ಟರ ಬೆನ್ನಿಗೆ ದೇಶದಲ್ಲಿ ಅಪಾರ ಜನಪ್ರಿಯತೆ ಇದ್ದ ಅಧ್ಯಕ್ಷ ನಯೀಬ್ ಬುಕೆಲೆ ಸ್ವತಃ ನಿಂತಿದ್ದರು.

ಕ್ರಿಪ್ಟೊ ಯಾವಾಗ ಜನಸಾಮಾನ್ಯರ ದಿನಬಳಕೆಯ ಹಣವಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಈ ದೇಶದ ಕಡೆಗೆ. ಕಾನೂನಿನ ಬೆಂಬಲ ಇಲ್ಲ, ಸುಲಭದ ಆ್ಯಪ್ ಇಲ್ಲ, ಅಂಗಡಿಯವರು ಒಪ್ಪುವುದಿಲ್ಲ, ಹಾಗಾಗಿ ತಡವಾಗುತ್ತಿದೆ ಎಂಬುದು ಕ್ರಿಪ್ಟೊ ಅಭಿಮಾನಿಗಳ ಹಳೆಯ ಸಮಾಧಾನ. ಎಲ್ ಸಾಲ್ವಡಾರಿನಲ್ಲಿ ಆ ಕೊರತೆಗಳನ್ನೆಲ್ಲ ಒಂದೇ ದಿನದಲ್ಲಿ ತುಂಬಲಾಯಿತು. ಆಮೇಲೆ ಏನಾಯಿತು?

2022ರಲ್ಲಿ ಫರ್ನಾಂಡೊ ಅಲ್ವಾರೆಜ್, ಡೇವಿಡ್ ಅರ್ಜೆಂಟೆ, ಡಯಾನಾ ವಾನ್ ಪಾಟನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1,800 ಮನೆಗಳಲ್ಲಿ ಮುಖಾಮುಖಿ ಸಮೀಕ್ಷೆ ಮಾಡಿಸಿದರು. ಚಿವೊ ಇಳಿಸಿಕೊಂಡವರಲ್ಲಿ ಹೆಚ್ಚಿನವರು ಆ 30 ಡಾಲರ್ ಖರ್ಚಾದ ಮೇಲೆ ಆ್ಯಪನ್ನು ಮತ್ತೆ ಮುಟ್ಟಿರಲಿಲ್ಲ. ಬಳಸುತ್ತ ಉಳಿದವರಲ್ಲಿ ಬಹುಪಾಲು ಮಂದಿ ಓದಿಕೊಂಡ ತರುಣರು, ಗಂಡಸರು, ಮೊದಲೇ ಬ್ಯಾಂಕ್ ಖಾತೆ ಇದ್ದವರು. ಬ್ಯಾಂಕಿನ ಮುಖ ನೋಡದ ಬಡವರಿಗಾಗಿ ಎಂದು ಸಾರಿದ ಯೋಜನೆ ಆ ಬಡವರ ಕೈ ಸೇರಲೇ ಇಲ್ಲ. ವ್ಯಾಪಾರಿಗಳ ಪೈಕಿ ಐವರಲ್ಲಿ ಒಬ್ಬರಷ್ಟೇ ಬಿಟ್‌ಕಾಯಿನ್ ತೆಗೆದುಕೊಳ್ಳುತ್ತಿದ್ದರು. ಅಮೆರಿಕದಲ್ಲಿ ದುಡಿಯುವ ಬಂಧುಗಳು ಕಳಿಸುವ ಹಣ ಆ ದೇಶದ ಆರ್ಥಿಕತೆಯ ಐದನೇ ಒಂದು ಪಾಲಿಗಿಂತ ಹೆಚ್ಚು. ಅದೆಲ್ಲ ಬಿಟ್‌ಕಾಯಿನ್ ದಾರಿಯಲ್ಲಿ ಅಗ್ಗವಾಗಿ ಬರುತ್ತದೆ ಎಂದು ಬುಕೆಲೆ ಭರವಸೆ ಕೊಟ್ಟಿದ್ದರು. 2023ರ ಹೊತ್ತಿಗೆ ಹಾಗೆ ಬರುತ್ತಿದ್ದದ್ದು ನೂರಕ್ಕೆ ಒಂದರ ಆಸುಪಾಸು. ಕೊನೆಗೆ 2024ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 140 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಳ್ಳುವಾಗ ಸರ್ಕಾರ ಹಿಂದೆ ಸರಿಯಿತು. 2025ರ ಜನವರಿಯಲ್ಲಿ ಕಾನೂನು ತಿದ್ದುಪಡಿಯಾಗಿ, ಬಿಟ್‌ಕಾಯಿನ್ ಒಪ್ಪುವುದು ವ್ಯಾಪಾರಿಯ ಇಷ್ಟಕ್ಕೆ ಬಿಟ್ಟದ್ದು ಎಂದಾಯಿತು. ಅದೇ ಹಾದಿ ಹಿಡಿದಿದ್ದ ಮಧ್ಯ ಆಫ್ರಿಕಾ ಗಣರಾಜ್ಯ 2022ರಲ್ಲಿ ತಂದ ಕಾನೂನನ್ನು ಮರುವರ್ಷವೇ ರದ್ದು ಮಾಡಿತ್ತು.

ಬೆಲೆಯ ಏರಿಳಿತವೇ ಸೋಲಿಗೆ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾನೂನು ಜಾರಿಯಾದ ದಿನವೇ ಬಿಟ್‌ಕಾಯಿನ್ ಬೆಲೆ ಸಾವಿರಾರು ಡಾಲರ್ ಕುಸಿದದ್ದು ನಿಜ. ಆದರೆ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲ ವಾರಗಳಲ್ಲಿ ಅನೇಕರು ನೋಂದಾಯಿಸಲು ಹೋದಾಗ ಅವರ ಗುರುತಿನ ಸಂಖ್ಯೆಯಲ್ಲಿ ಬೇರೆ ಯಾರೋ ಆಗಲೇ ನೋಂದಾಯಿಸಿ ಆ 30 ಡಾಲರ್ ಎತ್ತಿಕೊಂಡಿದ್ದರು. ಅಂಥವರಿಗೆ ಹೊಸ ಹಣದ ಮೊದಲ ಪರಿಚಯವೇ ಕಳವಿನದು. ಕಳೆದುಕೊಂಡದ್ದನ್ನು ಎಲ್ಲಿ ಹೋಗಿ ಕೇಳಬೇಕೆಂದೂ ಅವರಿಗೆ ತಿಳಿದಿರಲಿಲ್ಲ.

ಹಾಗೆಂದು ಅದೇ ದೇಶದಲ್ಲಿ ಒಂದು ಕಡೆ ಬಿಟ್‌ಕಾಯಿನ್ ದಿನಬಳಕೆಯಲ್ಲಿ ನಡೆಯಿತು ಎಂಬುದನ್ನೂ ಹೇಳಲೇಬೇಕು. ಎಲ್ ಜೋಂಟೆ ಎಂಬ ಕಡಲ ತೀರದ ಹಳ್ಳಿಯಲ್ಲಿ, ಕಾನೂನು ಬರುವುದಕ್ಕೆ ಎರಡು ವರ್ಷ ಮೊದಲೇ, ಹೆಸರು ಹೇಳಲು ಬಯಸದ ದಾನಿಯೊಬ್ಬರು ಕೊಟ್ಟ ಬಿಟ್‌ಕಾಯಿನ್ ಊರೊಳಗೇ ಓಡಾಡುತ್ತಿತ್ತು. ತೀರದ ಕಸ ಎತ್ತಿದ ಹುಡುಗರಿಗೆ ಅದರಲ್ಲೇ ಕೂಲಿ. ಆ ಹುಡುಗರು ಊರಿನ ಅಂಗಡಿಯಲ್ಲಿ ಅದನ್ನೇ ಕೊಟ್ಟು ತಿಂಡಿ ಕೊಳ್ಳುತ್ತಿದ್ದರು. ಅಲ್ಲಿ ಕಲಿಸಿದವರು ಊರಿನ ಪರಿಚಿತ ಮುಖಗಳು. ಆ್ಯಪ್ ಕೆಟ್ಟರೆ, ಹಣ ಸಿಕ್ಕಿಕೊಂಡರೆ, ಹೋಗಿ ಬಾಗಿಲು ತಟ್ಟಬಹುದಾದ ಮನೆಯೊಂದಿತ್ತು. ದೇಶಕ್ಕೆ ಆ ಮನೆಯನ್ನು ಕಟ್ಟಿಕೊಡಲು ಕಾನೂನಿಗೆ ಆಗಲಿಲ್ಲ.

ಹಣ ಹೋದರೆ ಯಾರನ್ನು ಕೇಳುವುದು? ದಿನಬಳಕೆಯ ಹಣದ ಇಡೀ ಪ್ರಶ್ನೆ ಈ ಒಂದು ಮಾತಿನ ಸುತ್ತ ನಿಂತಿದೆ ಎಂದು ನಾನು ಬಲವಾಗಿ ನಂಬುತ್ತೇನೆ. ಬಿಟ್‌ಕಾಯಿನ್ ಹುಟ್ಟಿದ್ದೇ ‘ಯಾರನ್ನೂ ಕೇಳಬೇಕಾಗಿಲ್ಲ’ ಎಂಬ ಆಸೆಯಿಂದ. 2008ರ ಅಕ್ಟೋಬರ್ 31ರಂದು, ಅಮೆರಿಕದ ಬ್ಯಾಂಕುಗಳು ಒಂದರ ಹಿಂದೊಂದು ಕುಸಿಯುತ್ತಿದ್ದ ಹೊತ್ತಿನಲ್ಲಿ, ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಂತು. ಬ್ಯಾಂಕನ್ನು ನಡುವೆ ತಾರದೆ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಹಣ ಕೊಡುವ ಉಪಾಯ ಅದರಲ್ಲಿತ್ತು. ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿರುವ ಬದಲು ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ಇರಬೇಕು. ಬರೆದ ಸಾಲನ್ನು ಯಾರೂ ಅಳಿಸಲಾಗಬಾರದು. ಯಾವ ಸರ್ಕಾರವೂ ಖಾತೆ ಮುಟ್ಟುಗೋಲು ಹಾಕಿಕೊಳ್ಳಲಾರದು, ಯಾವ ಬ್ಯಾಂಕೂ ಮುಳುಗಿ ಜನರ ಉಳಿತಾಯವನ್ನು ನುಂಗಲಾರದು. ಇದು ದೊಡ್ಡ ಕನಸು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಳಿಸಲಾಗದ ಪುಸ್ತಕದಲ್ಲಿ ತಪ್ಪೂ ಅಳಿಯುವುದಿಲ್ಲ. ತಪ್ಪು ವಿಳಾಸಕ್ಕೆ ಕಳಿಸಿದ ಹಣ ಹಿಂದಿರುಗುವುದಿಲ್ಲ. ತಮ್ಮ ಖಾತೆಯ ಗುಪ್ತ ಕೀಲಿ ಕಳೆದುಕೊಂಡವರ ಗಂಟು ಎಲ್ಲರ ಕಣ್ಣೆದುರಿಗೇ ಯಾರಿಗೂ ದಕ್ಕದೆ ಬಿದ್ದಿರುತ್ತದೆ. ಶಕ್ತಿ, ಅಡ್ಡಿ ಎರಡೂ ಒಂದೇ ಬೇರಿನವು.

ತಾಂತ್ರಿಕ ಮಿತಿಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಬಿಟ್‌ಕಾಯಿನ್ನಿನ ಪುಸ್ತಕಕ್ಕೆ ಸುಮಾರು ಹತ್ತು ನಿಮಿಷಕ್ಕೊಂದು ಹಾಳೆ ಸೇರುತ್ತದೆ. ಹಾಳೆಯ ಅಳತೆಗೆ ಮಿತಿ ಇರುವುದರಿಂದ ಸೆಕೆಂಡಿಗೆ ಏಳರ ಆಸುಪಾಸಿನಷ್ಟು ವ್ಯವಹಾರ ಮಾತ್ರ ಹಿಡಿಸುತ್ತದೆ. ದಿನವಿಡೀ ಲೆಕ್ಕ ಹಾಕಿದರೆ ಆರು ಲಕ್ಷ. ಇದರ ಪಕ್ಕದಲ್ಲಿ ನಮ್ಮ ಯುಪಿಐಯನ್ನು ಇಟ್ಟು ನೋಡಿ. 2025ರ ಆಗಸ್ಟ್ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು. ಬಿಟ್‌ಕಾಯಿನ್ ಜಾಲ ಒಂದಿಡೀ ದಿನ ದುಡಿದು ಮಾಡುವಷ್ಟನ್ನು ಅದು ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ.

ಹಾಳೆಯನ್ನು ದೊಡ್ಡದು ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಅದೇ ಜಗಳ ಎರಡು ವರ್ಷ ನಡೆದು, 2017ರ ಆಗಸ್ಟ್ 1ರಂದು ಒಂದು ಬಣ ‘ಬಿಟ್‌ಕಾಯಿನ್ ಕ್ಯಾಶ್’ ಎಂಬ ಬೇರೆ ನಾಣ್ಯವನ್ನೇ ಕಟ್ಟಿಕೊಂಡು ಹೊರಟಿತು. ಪುಸ್ತಕ ಭಾರವಾದರೆ ಅದನ್ನು ಇಟ್ಟುಕೊಳ್ಳಲು ದೊಡ್ಡ ಕಂಪನಿಗಳಿಂದ ಮಾತ್ರ ಸಾಧ್ಯ, ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಪರೀಕ್ಷಿಸುವ ಸಾಮಾನ್ಯನ ಹಕ್ಕು ಹೋಗುತ್ತದೆ ಎಂಬುದು ಉಳಿದವರ ವಾದ. ಆ ವಾದದಲ್ಲಿ ತಥ್ಯವಿದೆ ಎಂದೇ ನನ್ನ ಅನಿಸಿಕೆ. ಅವರು ಕಂಡುಕೊಂಡ ಪರ್ಯಾಯ ‘ಲೈಟ್ನಿಂಗ್’ ಜಾಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಂಡವರಿಗೆ ಅದು ಬೇಗ ಅರ್ಥವಾಗುತ್ತದೆ. ಬೆಲ್ಲ, ಬೇಳೆ, ಸೋಪು ಎಂದು ದಿನವೂ ಚೀಟಿ ಬರೆದು, ತಿಂಗಳ ಕೊನೆಗೆ ಒಮ್ಮೆ ಲೆಕ್ಕ ಚುಕ್ತಾ ಮಾಡಿದ ಹಾಗೆ, ಇಬ್ಬರ ನಡುವಿನ ಸಣ್ಣಪುಟ್ಟ ಪಾವತಿಗಳು ಪಕ್ಕದ ಪುಸ್ತಕದಲ್ಲಿ ನಡೆದು, ಆರಂಭ ಮತ್ತು ಅಂತ್ಯ ಮಾತ್ರ ದೊಡ್ಡ ಪುಸ್ತಕಕ್ಕೆ ಏರುತ್ತವೆ. ವ್ಯತ್ಯಾಸವೆಂದರೆ ಇಲ್ಲಿ ಸಾಲವಿಲ್ಲ, ಮೊದಲೇ ಮುಂಗಡ ಕಟ್ಟಿರಬೇಕು. 2018ರಿಂದ ಇದು ಕೆಲಸ ಮಾಡುತ್ತಿದೆ, ವೇಗವೂ ಇದೆ. ಹಾಗಾಗಿ ವೇಗವೊಂದೇ ಅಡ್ಡಿಯಾಗಿದ್ದರೆ ಈ ಹೊತ್ತಿಗೆ ದಾರಿ ತೆರೆಯಬೇಕಿತ್ತು.

ತೆರೆಯದಿರುವುದಕ್ಕೆ ಕಾರಣ ಬಳಸುವವರ ಮನಸ್ಸಿನಲ್ಲೂ ಇದೆ. 2010ರ ಮೇ 22ರಂದು ಫ್ಲಾರಿಡಾದ ಲಾಸ್ಲೊ ಹನ್ಯೆಜ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡದ್ದನ್ನು ಅಭಿಮಾನಿಗಳು ಪ್ರತಿ ವರ್ಷ ನೆನೆಯುತ್ತಾರೆ. ಆ ನಾಣ್ಯಗಳ ಇಂದಿನ ಬೆಲೆ ಕೇಳಿದ ಯಾರಿಗಾದರೂ ಮೊದಲು ಹೊಳೆಯುವುದು ‘ಖರ್ಚು ಮಾಡಬಾರದಿತ್ತು’ ಎಂದೇ. ಒಂದು ಬಿಟ್‌ಕಾಯಿನ್ನಿನ ಬೆಲೆ 2021ರ ನವೆಂಬರಿನಲ್ಲಿ 69,000 ಡಾಲರ್ ಮುಟ್ಟಿದ್ದು ಮರುವರ್ಷ ಅದೇ ತಿಂಗಳಲ್ಲಿ 16,000ಕ್ಕೆ ಇಳಿಯಿತು. 2024ರ ಡಿಸೆಂಬರಿನಲ್ಲಿ ಲಕ್ಷ ಡಾಲರ್ ದಾಟಿತು. ಏರುವಾಗ ಕೊಡಲು ಮನಸ್ಸಾಗದು, ಇಳಿಯುವಾಗ ತೆಗೆದುಕೊಳ್ಳಲು ಧೈರ್ಯ ಸಾಲದು. ವಿಡಿಯೊ ಗೇಮ್ ಮಾರುವ ಸ್ಟೀಮ್ 2016ರಲ್ಲಿ ಬಿಟ್‌ಕಾಯಿನ್ ಒಪ್ಪತೊಡಗಿ 2017ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಆಗ ಒಂದು ಪಾವತಿಯ ಶುಲ್ಕವೇ 20 ಡಾಲರಿನ ಹತ್ತಿರ ಹೋಗಿತ್ತು. ಟೆಸ್ಲಾ 2021ರಲ್ಲಿ ಒಪ್ಪಿದ್ದು ಎರಡು ತಿಂಗಳೂ ತಾಳಲಿಲ್ಲ. ಬಿಟ್‌ಕಾಯಿನ್ ಇಂದು ಚಿನ್ನದ ಜಾಗಕ್ಕೆ ಆಸೆಪಡುತ್ತಿರುವ ಆಸ್ತಿ. ಚಿನ್ನವನ್ನು ಕೊರಳಿಗೆ ಹಾಕಿಕೊಳ್ಳುತ್ತೇವೆ, ಕಷ್ಟ ಬಂದಾಗ ಅಡವಿಡುತ್ತೇವೆ. ಕೊತ್ತಂಬರಿ ಕಟ್ಟಿಗೆ ಚಿನ್ನ ಚೂರು ಮಾಡಿ ಕೊಡುವವರಿಲ್ಲ. ಮುಂದಿನ ಹತ್ತು ವರ್ಷದಲ್ಲೂ ಬಿಟ್‌ಕಾಯಿನ್ ಸಂತೆಯ ಹಣವಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಆದರೆ ಕ್ರಿಪ್ಟೊ ಎಂದರೆ ಬಿಟ್‌ಕಾಯಿನ್ ಒಂದೇ ಅಲ್ಲ. ಅರ್ಜೆಂಟೀನಾ ನೋಡಿ. 2023ರಲ್ಲಿ ಅಲ್ಲಿ ಹಣದುಬ್ಬರ ಶೇ 211 ಮುಟ್ಟಿತು. ಜನವರಿಯಲ್ಲಿ ನೂರು ಪೆಸೊಗೆ ಸಿಗುತ್ತಿದ್ದ ಸಾಮಾನಿಗೆ ಡಿಸೆಂಬರಿನಲ್ಲಿ ಮುನ್ನೂರು ಕೊಟ್ಟರೂ ಸಾಲದು. ಡಾಲರ್ ಕೊಂಡಿಟ್ಟುಕೊಳ್ಳೋಣ ಎಂದರೆ ಆಗ ತಿಂಗಳಿಗೆ ಇಷ್ಟೇ ಎಂಬ ಕಟ್ಟುಪಾಡಿತ್ತು. ಅಂಥ ಊರಿನಲ್ಲಿ ಸಂಬಳ ಬಂದ ದಿನವೇ ಪೆಸೊವನ್ನು ‘ಸ್ಟೇಬಲ್‌ಕಾಯಿನ್’ ಆಗಿ ಬದಲಿಸಿಕೊಳ್ಳುವುದು ಎಷ್ಟೋ ಜನರಿಗೆ ರೂಢಿಯಾಯಿತು. ಟೆದರ್, ಯುಎಸ್‌ಡಿಸಿ ಎಂಬ ಈ ನಾಣ್ಯಗಳ ಬೆಲೆ ಸದಾ ಒಂದು ಡಾಲರಿಗೆ ಕಟ್ಟಿದ್ದು. ಕಂಪನಿಯೊಂದು ಒಂದೊಂದು ನಾಣ್ಯಕ್ಕೂ ಒಂದೊಂದು ಡಾಲರಿನ ಆಸ್ತಿಯನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ, ಕೇಳಿದಾಗ ಕೊಡುತ್ತದೆ ಎಂಬ ಮಾತಿನ ಮೇಲೆ ಅವು ನಿಂತಿವೆ. ಬ್ಯೂನಸ್ ಐರಿಸ್ಸಿನಲ್ಲಿ ‘ಕ್ಯೂವಾ’ ಅಂದರೆ ಗುಹೆ ಎಂದು ಕರೆಯುವ ಕಳ್ಳಮಾರ್ಗದ ವಿನಿಮಯದ ಅಂಗಡಿಗಳಲ್ಲೂ ನೋಟಿನ ಡಾಲರ್ ಜೊತೆಗೆ ಟೆದರ್ ಕೈ ಬದಲಾಗುತ್ತದೆ. ನೈಜೀರಿಯಾದ ಕೇಂದ್ರ ಬ್ಯಾಂಕ್ 2021ರ ಫೆಬ್ರುವರಿಯಲ್ಲಿ ಕ್ರಿಪ್ಟೊ ವ್ಯವಹಾರದ ಖಾತೆಗಳನ್ನು ಮುಚ್ಚುವಂತೆ ಬ್ಯಾಂಕುಗಳಿಗೆ ಆಜ್ಞೆ ಮಾಡಿತು. ಅದೇ ಅಕ್ಟೋಬರಿನಲ್ಲಿ ತನ್ನದೇ ‘ಇ-ನೈರಾ’ ತಂದಿತು. ಜನ ಇ-ನೈರಾದ ಕಡೆ ಹೆಚ್ಚಾಗಿ ತಿರುಗಲಿಲ್ಲ. ಪರಸ್ಪರ ಕೈಯಿಂದ ಕೈಗೆ ಸ್ಟೇಬಲ್‌ಕಾಯಿನ್ ಮಾರಿಕೊಂಡರು. 2023ರ ಡಿಸೆಂಬರಿನಲ್ಲಿ ಬ್ಯಾಂಕೇ ತನ್ನ ಆಜ್ಞೆಯನ್ನು ಸಡಿಲಿಸಬೇಕಾಯಿತು.

ಲಾಗೋಸಿನ, ಬ್ಯೂನಸ್ ಐರಿಸ್ಸಿನ ಈ ಜನಕ್ಕೆ ತಂತ್ರಜ್ಞಾನದ ಮೋಹವಿಲ್ಲ. ತಮ್ಮ ದೇಶದ ಹಣ ಕೈಯಲ್ಲೇ ಕರಗುತ್ತಿದೆ, ಅದಕ್ಕೆ ಅವರು ಬಂದರು. ಅವರ ಮಟ್ಟಿಗೆ ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ. ಜಗತ್ತಿನ ಸ್ಟೇಬಲ್‌ಕಾಯಿನ್‌ಗಳ ಒಟ್ಟು ಮೊತ್ತ 2025ರ ಕೊನೆಯ ಹೊತ್ತಿಗೆ 30,000 ಕೋಟಿ ಡಾಲರ್ ದಾಟಿತ್ತು. ದಿನಬಳಕೆಯ ಕ್ರಿಪ್ಟೊ ಎಂಬುದು ಬರುವುದಾದರೆ ಈ ಬಾಗಿಲಿನಿಂದಲೇ ಎಂಬುದು ನನ್ನ ಅಂದಾಜು.

ಈ ಬಾಗಿಲಲ್ಲೂ ಬಿದ್ದವರಿದ್ದಾರೆ. 2022ರ ಮೇ ತಿಂಗಳಲ್ಲಿ ‘ಟೆರಾ’ ಎಂಬ ನಾಣ್ಯ ಕೆಲವೇ ದಿನಗಳಲ್ಲಿ ನೆಲ ಕಚ್ಚಿತು. ಅದರ ಹಿಂದೆ ನಿಜವಾದ ಡಾಲರ್ ಇರಲಿಲ್ಲ. ಇನ್ನೊಂದು ನಾಣ್ಯದ ಬೆಲೆಯ ಆಧಾರದ ಮೇಲೆ ಲೆಕ್ಕಾಚಾರದ ಬಲದಿಂದ ನಿಂತಿತ್ತು. ಎರಡೂ ಸೇರಿ ಸುಮಾರು 4,000 ಕೋಟಿ ಡಾಲರ್ ಮೌಲ್ಯ ಮಾಯವಾಯಿತು. ನಿಜವಾದ ಡಾಲರ್ ಇಟ್ಟಿದ್ದ ಯುಎಸ್‌ಡಿಸಿ ಕೂಡ 2023ರ ಮಾರ್ಚಿನಲ್ಲಿ 88 ಸೆಂಟಿನ ತನಕ ಇಳಿಯಿತು. ಅದರ 330 ಕೋಟಿ ಡಾಲರ್ ಮೀಸಲು ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿತ್ತು. ಅಮೆರಿಕದ ಸರ್ಕಾರ ಆ ಬ್ಯಾಂಕಿನ ಠೇವಣಿದಾರರಿಗೆ ಅಭಯ ಕೊಟ್ಟ ಮೇಲೆ ನಾಣ್ಯ ಮತ್ತೆ ತನ್ನ ಬೆಲೆಗೆ ಬಂತು. ಬ್ಯಾಂಕು ಬೇಡ, ಸರ್ಕಾರ ಬೇಡ ಎಂದು ಹೊರಟ ಹಾದಿಯ ನಾಣ್ಯವನ್ನು ಕೊನೆಗೆ ಉಳಿಸಿದ್ದು ಸರ್ಕಾರದ ಮಾತು. ಐರೋಪ್ಯ ಒಕ್ಕೂಟ 2024ರಲ್ಲಿ, ಅಮೆರಿಕ 2025ರ ಜುಲೈಯಲ್ಲಿ ಸ್ಟೇಬಲ್‌ಕಾಯಿನ್‌ಗಳನ್ನು ಕಾನೂನಿನ ಹಿಡಿತಕ್ಕೆ ತಂದವು. ಅಮೆರಿಕದ ಕಾನೂನಿನ ಪ್ರಕಾರ ಪ್ರತಿ ನಾಣ್ಯಕ್ಕೂ ಸಮನಾದ ಡಾಲರ್ ಅಥವಾ ಅಲ್ಪಾವಧಿಯ ಸರ್ಕಾರಿ ಸಾಲಪತ್ರ ಇರಬೇಕು, ತಿಂಗಳು ತಿಂಗಳೂ ಲೆಕ್ಕ ಬಹಿರಂಗವಾಗಬೇಕು. ಈಗ ಕೇಳುವುದಕ್ಕೆ ಯಾರೋ ಒಬ್ಬರು ಸಿಕ್ಕಂತಾಯಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ನಾಣ್ಯ ಹೊರಡಿಸುವ ಕಂಪನಿ ಯಾರ ವಿಳಾಸವನ್ನಾದರೂ ಸ್ತಂಭನಗೊಳಿಸಬಲ್ಲದು. ಸತೋಶಿಯ ಕನಸು ಇಲ್ಲಿ ಮುಗಿಯುತ್ತದೆ. ಇದು ನನಗೆ ಸಂತೋಷ ಕೊಡುವ ಮಾತಲ್ಲ.

ಇನ್ನು ನಮ್ಮ ವಿಷಯ. ಕ್ರಿಪ್ಟೊ ಬಳಕೆಯ ಬಗ್ಗೆ ಚೈನಾಲಿಸಿಸ್ ಸಂಸ್ಥೆ ಹೊರತರುವ ವಾರ್ಷಿಕ ಸೂಚ್ಯಂಕದಲ್ಲಿ ಭಾರತ 2023ರಿಂದ 2025ರವರೆಗೆ ಮೂರು ವರ್ಷ ಸತತ ಮೊದಲ ಸ್ಥಾನದಲ್ಲಿತ್ತು. ಆದರೂ ದೇಶದ ಚಹಾದಂಗಡಿಗಳಲ್ಲಿ ಬಿಟ್‌ಕಾಯಿನ್ನಿನ ಮಾತು ಅಪರೂಪ. ಇಲ್ಲಿನವರು ಕೊಳ್ಳುವುದು ಬೆಲೆ ಏರಲಿ ಎಂದು. ಕಾನೂನೂ ಅದನ್ನು ಹಾಗೆಯೇ ನೋಡುತ್ತದೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಅದೇ ಅಕ್ಟೋಬರಿನಲ್ಲಿ, ತುಮಕೂರಿನಲ್ಲಿ ಹುಟ್ಟಿ ಬೆಳೆದ ಯುನೊಕಾಯಿನ್ ಕಂಪನಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲೊಂದರಲ್ಲಿ ಇರಿಸಿದ್ದ ಕ್ರಿಪ್ಟೊ ವ್ಯವಹಾರದ ಯಂತ್ರವನ್ನು ಪೊಲೀಸರು ಎತ್ತಿಕೊಂಡು ಹೋದರು, ಸ್ಥಾಪಕರ ಬಂಧನವೂ ಆಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಜುಲೈಯಿಂದ ಪ್ರತಿ ವರ್ಗಾವಣೆಯ ಮೇಲೆ ಶೇ 1 ಮೂಲದಲ್ಲೇ ಕಡಿತ, ಸಣ್ಣ ಮೊತ್ತಗಳಿಗಷ್ಟೇ ರಿಯಾಯಿತಿ. ಇದರ ಅರ್ಥ ಬಿಡಿಸಿ ನೋಡಿ: ಬಿಟ್‌ಕಾಯಿನ್ ಕೊಟ್ಟು ಒಂದು ಕಾಫಿ ಕುಡಿದರೆ, ಆ ಚೂರನ್ನು ಎಂದು ಎಷ್ಟಕ್ಕೆ ಕೊಂಡಿದ್ದಿರಿ, ಇಂದು ಅದರ ಬೆಲೆ ಎಷ್ಟು ಎಂದು ಲೆಕ್ಕವಿಟ್ಟು ವ್ಯತ್ಯಾಸಕ್ಕೆ ತೆರಿಗೆ ಕಟ್ಟಬೇಕು. ಅಮೆರಿಕದಲ್ಲೂ 2014ರಿಂದ ಕ್ರಿಪ್ಟೊ ತೆರಿಗೆಯ ಕಣ್ಣಿಗೆ ಆಸ್ತಿಯೇ. ಈ ನಿಯಮ ಇರುವವರೆಗೆ ಅದು ಚಿಲ್ಲರೆ ವ್ಯಾಪಾರಕ್ಕೆ ಇಳಿಯುವುದು ಕಷ್ಟ.

ಹಾಗೆಂದು ಸರ್ಕಾರದ ಎಚ್ಚರಿಕೆಯನ್ನು ತೆಗೆದುಹಾಕಲೂ ಆಗದು. 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೊ ಕಳವಾಯಿತು. ಅಲ್ಲಿ ಹಣ ಇಟ್ಟಿದ್ದವರು ಸಿಂಗಪುರದ ನ್ಯಾಯಾಲಯದ ತೀರ್ಮಾನಕ್ಕಾಗಿ ವರ್ಷದ ಮೇಲೆ ಕಾದರು. ಬ್ಯಾಂಕ್ ಠೇವಣಿಗಾದರೆ ಐದು ಲಕ್ಷದವರೆಗೆ ವಿಮೆಯಿದೆ. ಇಲ್ಲಿ ಅದೂ ಇಲ್ಲ. ಮದುವೆಗೆ, ಸೈಟಿಗೆ ಎಂದು ಕೂಡಿಟ್ಟದ್ದನ್ನು ಇಂಥ ಕಡೆ ಹಾಕಿ ತಲೆ ಮೇಲೆ ಕೈ ಹೊತ್ತು ಕೂತ ಹುಡುಗರ ಸಂಕಟ ನನ್ನ ಮಟ್ಟಿಗೆ ಬರೀ ಅಂಕಿಸಂಖ್ಯೆಯಲ್ಲ.

ಭಾರತದಲ್ಲಿ ಕ್ರಿಪ್ಟೊ ಸಂತೆಗೆ ಬಾರದಿರಲು ಇನ್ನೂ ದೊಡ್ಡ ಕಾರಣ, ಇಲ್ಲಿ ಅದು ತುಂಬಬೇಕಾದ ಖಾಲಿ ಜಾಗವೇ ಉಳಿದಿಲ್ಲ ಎಂಬುದು. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಹಬ್ಬಿದ್ದು ನೈರೋಬಿಯಲ್ಲಿ ದುಡಿಯುವವರಿಗೆ ಹಳ್ಳಿಯ ಮನೆಗೆ ಹಣ ಮುಟ್ಟಿಸುವ ಸುಲಭದ ದಾರಿ ಇಲ್ಲದಿದ್ದಾಗ. 2016ರಲ್ಲಿ ಬಂದ ಯುಪಿಐ ನಮ್ಮಲ್ಲಿ ಅಂಥ ಜಾಗವನ್ನು ಮೂಲೆಮೂಲೆಯಲ್ಲೂ ತುಂಬಿದೆ. ಹೂವಿನವಳ ಬುಟ್ಟಿಯಲ್ಲೂ ಸ್ಕ್ಯಾನರ್ ಇದೆ, ವ್ಯಾಪಾರಿಗೆ ಶುಲ್ಕವಿಲ್ಲ. 2022ರ ಡಿಸೆಂಬರ್ 1ರಂದು ಡಿಜಿಟಲ್ ರೂಪಾಯಿ ಸಾಮಾನ್ಯರ ಬಳಕೆಗೆಂದು ಪ್ರಾಯೋಗಿಕವಾಗಿ ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ರಿಸರ್ವ್ ಬ್ಯಾಂಕೇ ಹೊರಡಿಸಿದ ಆ ಹಣವೂ ಯುಪಿಐ ಮುಂದೆ ಮಂಕಾಗಿಯೇ ಉಳಿದಿದೆ.

ಆದರೂ 2025ರ ಜುಲೈಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಂಡದ್ದನ್ನು ಮರೆಯಬಾರದು. ಯುಪಿಐ ದಾಖಲೆ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದೇ ತಡ, ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದಿನ ಸ್ಕ್ಯಾನರ್‌ಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಬೋರ್ಡುಗಳು ಬಂದವು. ಒಂಬತ್ತು ವರ್ಷದ ರೂಢಿ ಒಂದು ಕಾಗದಕ್ಕೆ ಹೆದರಿ ಹಿಂದೆ ಹೆಜ್ಜೆ ಇಟ್ಟಿತು. ಆ ವ್ಯಾಪಾರಿಗಳು ಹೋದದ್ದು ನೋಟಿನ ಕಡೆಗೆ, ಕ್ರಿಪ್ಟೊ ಕಡೆಗಲ್ಲ. ಹೋಗಿದ್ದರೂ ಬಯಸಿದ್ದು ಸಿಗುತ್ತಿರಲಿಲ್ಲ. ಬಿಟ್‌ಕಾಯಿನ್ನಿನ ಪುಸ್ತಕವನ್ನು ಜಗತ್ತಿನ ಯಾರು ಬೇಕಾದರೂ ತೆರೆದು ಓದಬಹುದು.

ಹಾಗಾದರೆ ನಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲವೇ? ಇದೆ, ಗಡಿ ದಾಟುವ ಹಣದಲ್ಲಿ. ಜಗತ್ತಿನಲ್ಲಿ 200 ಡಾಲರ್ ಊರಿಗೆ ಕಳಿಸಲು ಸರಾಸರಿ ಶೇ 6ಕ್ಕೂ ಹೆಚ್ಚು ಖರ್ಚಾಗುತ್ತದೆ. 2030ರೊಳಗೆ ಅದನ್ನು ಶೇ 3ಕ್ಕೆ ಇಳಿಸುವುದು ವಿಶ್ವಸಂಸ್ಥೆಯ ಗುರಿ. ಹೊರದೇಶದಿಂದ ಅತಿ ಹೆಚ್ಚು ಹಣ ಬರುವ ದೇಶ ನಮ್ಮದು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಅಡುಗೆಮನೆ ನಡೆಯುವುದು ಕೊಲ್ಲಿಯ ದುಡಿಮೆಯಿಂದ. ಸ್ಟೇಬಲ್‌ಕಾಯಿನ್ ಅಲ್ಲಿಂದ ಇಲ್ಲಿಗೆ ನಿಮಿಷಗಳಲ್ಲಿ, ಕೆಲವೇ ರೂಪಾಯಿಗಳ ಖರ್ಚಿನಲ್ಲಿ ಬರಬಲ್ಲದು. ತೊಡಕು ಕೊನೆಯ ಮೈಲಿಯಲ್ಲಿ. ಅದನ್ನು ರೂಪಾಯಿ ಮಾಡಿಕೊಳ್ಳಲು ಗುರುತಿಲ್ಲದವರಿಗೆ ಮಾರಿದರೆ, ಅವರು ಕೊಟ್ಟದ್ದು ಸೈಬರ್ ವಂಚನೆಯ ಹಣವಾಗಿದ್ದರೆ, ಮಾರಿದವರ ಬ್ಯಾಂಕ್ ಖಾತೆಯೇ ಸ್ತಂಭನವಾಗುತ್ತದೆ. ಇಂಥ ಪ್ರಕರಣಗಳು ದೇಶದಲ್ಲಿ ನಡೆಯುತ್ತಲೇ ಇವೆ.

ದುಬೈಯ ಅಂಗಡಿಯಲ್ಲಿ ದುಡಿಯುವ ಮಗ ಕಳಿಸಿದ ಹಣ ಇಂದು ಬಾರದಿದ್ದರೆ ಭಟ್ಕಳದ ತಾಯಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ಸಾಲಿನಲ್ಲಿ ನಿಲ್ಲುತ್ತಾಳೆ, ಎರಡು ಸಲ ಅಲೆಯುತ್ತಾಳೆ, ಕೊನೆಗೊಂದು ಉತ್ತರ ಪಡೆದು ಬರುತ್ತಾಳೆ. ನಡುದಾರಿಯಲ್ಲಿ ಕ್ರಿಪ್ಟೊ ಆಗಿ ಸಾಗಿಬಂದ ಹಣಕ್ಕೂ ಅದೇ ಕೌಂಟರಿನಲ್ಲಿ ಉತ್ತರ ಸಿಗುವುದು ಯಾವ ವರ್ಷವೋ, ನಾನು ಎದುರು ನೋಡುತ್ತಿರುವುದು ಆ ವರ್ಷವನ್ನು.